ಟಾಪ್‌ನಲ್ಲಿ ಏನೂ ಕಾಣ್ತಿಲ್ಲ, ಸಿಪಿಯು ಮಾತ್ರ 98%. ಕರ್ನಲ್ಲೇ ಸುಳ್ಳು ಹೇಳುತ್ತಾ?

#1 ನಿದ್ದೆಗೆಟ್ಟ ಅಡ್ಮಿನ್

ನಾಲ್ಕು ಕೋರ್‌ನ ಒಂದು ಲಿನಕ್ಸ್ ಸರ್ವರ್ ನನ್ನ ಉಸ್ತುವಾರಿಯಲ್ಲಿದೆ. ವರ್ಚುವಲ್ ಮಷೀನ್. ಮೂರು ದಿನದಿಂದ ಲೋಡ್ ಆವರೇಜ್ 4ರಿಂದ ಕೆಳಗಿಳಿದಿಲ್ಲ. ಟಾಪ್ (ಓಡ್ತಿರೋ ಪ್ರೊಸೆಸ್‌ಗಳನ್ನ ತೋರಿಸೋ ಕಮಾಂಡ್) ಓಡಿಸಿದರೆ ಮೇಲಿನ ಸಾಲಿನಲ್ಲಿ ಸಿಪಿಯು 98% ಅನ್ನುತ್ತೆ, ಕೆಳಗಿನ ಪಟ್ಟಿಯಲ್ಲಿ 3% ದಾಟಿದ ಪ್ರೊಸೆಸ್ಸೇ ಇಲ್ಲ. ಉಳಿದದ್ದನ್ನ ಯಾರು ತಿಂತಿದ್ದಾರೆ?

ರೀಬೂಟ್ ಮಾಡಿದೆ. ಎರಡು ನಿಮಿಷ ತಣ್ಣಗಿತ್ತು, ಆಮೇಲೆ ಮತ್ತದೇ ಕಥೆ. ಜೊತೆಯಲ್ಲಿ ಕೆಲಸ ಮಾಡೋರೊಬ್ಬರು "ಇದು ರೂಟ್‌ಕಿಟ್ಟೇ, ಕರ್ನಲ್ ಒಳಗೇ ಕೂತಿದೆ" ಅಂದರು. ಅಂದರೆ ನುಗ್ಗಿದವರು ತಮ್ಮನ್ನ ಅಡಗಿಸಿಕೊಳ್ಳೋಕೆ ಹಾಕೋ ತಂತ್ರಾಂಶ, ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲೇ ಕೂತಿದೆ ಅಂತ. ಟಾಪ್ ಮತ್ತು ಅದೇ ಥರ ಪ್ರೊಸೆಸ್ ಪಟ್ಟಿ ಕೊಡೋ ಪಿಎಸ್ ಎರಡರ ಹ್ಯಾಶ್ (ಫೈಲಿನ ಬೆರಳಚ್ಚು) ತೆಗೆದು ಅಸಲಿ ಪ್ಯಾಕೇಜ್ ಜೊತೆ ತಾಳೆ ನೋಡಿದೆ, ಒಂದಕ್ಷರ ವ್ಯತ್ಯಾಸ ಇಲ್ಲ. ಪ್ರೋಗ್ರಾಂ ಅಸಲಿಯಾಗಿದ್ದೂ ಉತ್ತರ ಸುಳ್ಳಾಗೋದು ಹೇಗೆ ಅನ್ನೋದೇ ನನಗೆ ಅರ್ಥ ಆಗ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

#2 ಸುಮ್ನೆ ಓದೋನು

ಬೇಲಿಯೇ ಎದ್ದು ಹೊಲ ಮೇಯ್ದಂಗೆ ಆಯ್ತಲ್ಲ ಸರ್.

#3 ಹಳೇಹುಲಿ

ಆ ಗಾದೆ ಇಲ್ಲಿಗೆ ಪೂರ್ತಿ ಹೊಂದಲ್ಲ. ಈ ಬೇಲಿ ಹೊಲ ಮೇಯಲ್ಲ, ಒಳಗೆ ಮೇಯ್ತಿರೋ ದನ ದಾರಿಯಲ್ಲಿ ಹೋಗೋರಿಗೆ ಕಾಣದ ಹಾಗೆ ಅಡ್ಡ ನಿಲ್ಲುತ್ತೆ.

ಅಡ್ಮಿನ್ ಅವರೇ, ಟಾಪ್‌ಗೆ, ಪಿಎಸ್‌ಗೆ ಸ್ವಂತ ಕಣ್ಣಿಲ್ಲ. ಇಂಟೆಲ್ ಮಾದರಿಯ ಚಿಪ್‌ಗಳಲ್ಲಿ ನಾವು ಓಡಿಸೋ ಪ್ರೋಗ್ರಾಂಗಳೆಲ್ಲ ಕಡಿಮೆ ಅಧಿಕಾರದ ರಿಂಗ್ 3ರಲ್ಲಿರುತ್ತವೆ, ಕರ್ನಲ್ ಪೂರ್ತಿ ಅಧಿಕಾರದ ರಿಂಗ್ 0ಯಲ್ಲಿ. ಡಿಸ್ಕ್ ಮುಟ್ಟೋದಿರಲಿ, ನೆಟ್‌ವರ್ಕ್ ಇರಲಿ, ಬೇರೆ ಪ್ರೊಸೆಸ್ ಇದೆಯಾ ಅಂತ ನೋಡೋದೇ ಇರಲಿ, ಎಲ್ಲಕ್ಕೂ ಸಿಸ್ಟಂ ಕಾಲ್ ಮಾಡಿ ಕರ್ನಲ್ಲನ್ನೇ ಕೇಳಬೇಕು. ಅದು ಹೇಳಿದ್ದನ್ನ ಪಿಎಸ್ ಚೆಂದವಾಗಿ ಕಾಲಂ ಹಾಕಿ ತೋರಿಸುತ್ತೆ, ಅಷ್ಟೇ ಅದರ ಕೆಲಸ.

1990ರ ದಶಕದ ಮೊದಲಲ್ಲಿ ಬಂದ ರೂಟ್‌ಕಿಟ್‌ಗಳು ಪಿಎಸ್, ಎಲ್‌ಎಸ್ (ಫೋಲ್ಡರ್ ಒಳಗಿನದ್ದು ತೋರಿಸೋದು), ನೆಟ್‌ಸ್ಟ್ಯಾಟ್ (ನೆಟ್‌ವರ್ಕ್ ಸಂಪರ್ಕ ತೋರಿಸೋದು), ಲಾಗಿನ್ ಇವುಗಳ ಫೈಲನ್ನೇ ಬದಲಿಸ್ತಿದ್ದವು. ನೀವು ಮಾಡಿದ ಹ್ಯಾಶ್ ತಾಳೆ ಅವಕ್ಕೆ ಸಾಕಿತ್ತು. 1992ರಲ್ಲಿ ಬಂದ ಟ್ರಿಪ್‌ವೈರ್ ಮಾಡ್ತಿದ್ದದ್ದೂ ಅದೇ. ಕಳ್ಳರು ಒಂದು ಮೆಟ್ಟಿಲು ಕೆಳಗಿಳಿದರು. ಲಿನಕ್ಸ್ ಕರ್ನಲ್ ಮಾಡ್ಯೂಲ್ (ಓಡ್ತಿರೋ ಕರ್ನಲ್‌ಗೆ ಸೇರಿಸೋ ಕೋಡ್ ತುಂಡು) ಬಳಸಿ ಸಿಸ್ಟಂ ಕಾಲ್‌ಗಳನ್ನ ಹೇಗೆ ತಿರುಚಬಹುದು ಅನ್ನೋ ಬರಹ 1997ರಲ್ಲೇ ಫ್ರ್ಯಾಕ್ ಪತ್ರಿಕೆಯ 50ನೇ ಸಂಚಿಕೆಯಲ್ಲಿ ಬಂದಿತ್ತು. ಅಲ್ಲಿಂದ ಆಚೆಗೆ ಪಿಎಸ್ ಫೈಲ್ ಮುಟ್ಟೋ ಅಗತ್ಯವೇ ಉಳಿಯಲಿಲ್ಲ.

ಅಡಗಿಸೋ ಕೈಚಳಕ ಎಷ್ಟು ಸಣ್ಣದು ಅಂತ ನೋಡಿ. ಲಿನಕ್ಸ್‌ನಲ್ಲಿ ಪ್ರತಿ ಪ್ರೊಸೆಸ್‌ಗೂ ಪ್ರಾಕ್ ಅನ್ನೋ ಫೋಲ್ಡರ್ ಒಳಗೆ ಅದರ ನಂಬರಿನ ಒಂದು ಉಪಫೋಲ್ಡರ್ ಇರುತ್ತೆ. ಪಿಎಸ್ ಮಾಡೋದು ಆ ಫೋಲ್ಡರ್ ಪಟ್ಟಿ ಓದೋದು. ಪಟ್ಟಿ ಕೊಡೋ ಸಿಸ್ಟಂ ಕಾಲ್ ಹೆಸರು ಗೆಟ್‌ಡೆಂಟ್ಸ್64. ಅದು ಒಂದು ಬಫರ್ ತುಂಬಾ ನಮೂದುಗಳನ್ನ ಸಾಲಾಗಿ ಇಟ್ಟು ಕೊಡುತ್ತೆ. ಪ್ರತಿ ನಮೂದಿನಲ್ಲೂ "ನಾನು ಇಷ್ಟು ಬೈಟ್ ಉದ್ದ, ಅಷ್ಟು ದಾಟಿದರೆ ಮುಂದಿನದ್ದು" ಅನ್ನೋ ಒಂದು ಸಂಖ್ಯೆ ಇರುತ್ತೆ. ರೂಟ್‌ಕಿಟ್ ಅಸಲಿ ಫಂಕ್ಷನ್ನನ್ನೇ ಕರೆಯುತ್ತೆ, ಸರಿಯಾದ ಪಟ್ಟಿಯನ್ನೇ ತರಿಸಿಕೊಳ್ಳುತ್ತೆ. ತನ್ನ ನಮೂದು ಸಿಕ್ಕಿದಾಗ ಅದರ ಉದ್ದವನ್ನ ಅದರ ಹಿಂದಿನ ನಮೂದಿನ ಉದ್ದಕ್ಕೆ ಕೂಡಿಸಿಬಿಡುತ್ತೆ. ಹಿಂದಿನದ್ದು 24 ಬೈಟ್ ಇದ್ದದ್ದು ಈಗ 48. ಓದೋನು 48 ದಾಟಿ ಮುಂದಕ್ಕೆ ಹೆಜ್ಜೆ ಹಾಕ್ತಾನೆ. ನಡುವಿನದ್ದು ಬಫರ್‌ನಲ್ಲಿ ಇದ್ದಲ್ಲೇ ಬಿದ್ದಿರುತ್ತೆ, ಅಳಿಸಿದ್ದೂ ಅಲ್ಲ. ಕಾಲು ಅದರ ಮೇಲೆ ಬೀಳಲ್ಲ, ಅಷ್ಟೇ.

ಕರ್ನಲ್ ಮೇಲೆ ಆಪಾದನೆ ಹೊರಿಸೋ ಮೊದಲು ಒಂದು ಪರೀಕ್ಷೆ. ಇದೇ ಆಟವನ್ನ ರಿಂಗ್ 3ರಲ್ಲೇ ಆಡೋರೂ ಇದ್ದಾರೆ. ಎಟ್ಸಿಯಲ್ಲಿ ಎಲ್‌ಡಿ ಡಾಟ್ ಎಸ್‌ಒ ಡಾಟ್ ಪ್ರಿಲೋಡ್ ಅನ್ನೋ ಫೈಲಿಗೆ ತಮ್ಮ ಲೈಬ್ರರಿ ಹೆಸರು ಬರೆದರೆ ಸಾಕು, ಎಲ್ಲ ಪ್ರೋಗ್ರಾಂಗಳೂ ಅದನ್ನ ಹೊತ್ತುಕೊಂಡೇ ಏಳುತ್ತವೆ. ಸ್ಟ್ಯಾಟಿಕ್ ಆಗಿ ಕಂಪೈಲ್ ಆದ ಬ್ಯುಸಿಬಾಕ್ಸ್ (ಪಿಎಸ್, ಎಲ್‌ಎಸ್ ಥರದ ಕಮಾಂಡ್‌ಗಳೆಲ್ಲ ಒಂದೇ ಫೈಲಿನಲ್ಲಿರೋ ಪ್ರೋಗ್ರಾಂ) ಒಂದನ್ನ ಬೇರೆ ಮಷೀನಿನಿಂದ ತಂದು ಅದರ ಪಿಎಸ್ ಓಡಿಸಿ. ಅದಕ್ಕೆ ಯಾವ ಲೈಬ್ರರಿಯ ಹಂಗೂ ಇಲ್ಲ. ಬ್ಯುಸಿಬಾಕ್ಸ್‌ಗೆ ಕಂಡು ಮಾಮೂಲಿ ಪಿಎಸ್‌ಗೆ ಕಾಣದಿದ್ದರೆ ಕಳ್ಳ ಮೇಲಿನ ಮಹಡಿಯಲ್ಲಿದ್ದಾನೆ. ಎರಡಕ್ಕೂ ಕಾಣದಿದ್ದರೆ ಕೆಳಗೆ.

#4 ನಿದ್ದೆಗೆಟ್ಟ ಅಡ್ಮಿನ್

ಬ್ಯುಸಿಬಾಕ್ಸ್ ತಂದು ಓಡಿಸಿದೆ ಸರ್. ಅದಕ್ಕೂ ಏನೂ ಕಾಣ್ತಿಲ್ಲ. ಪ್ರಿಲೋಡ್ ಫೈಲೂ ಇಲ್ಲ.

#5 ಪಾಯಿಂಟರ್ ಪುಟ್ಟಿ

ಹಾಗಾದರೆ ಕೆಳಗಿನ ಮಹಡಿಯೇ ಇರಬೇಕು. ಎರಡು ವಿಷಯ ಹೇಳಿ: ಕರ್ನಲ್ ಆವೃತ್ತಿ ಯಾವುದು, ಮತ್ತು /ಪ್ರಾಕ್/ಸಿಸ್/ಕರ್ನಲ್/ಟೇಂಟೆಡ್ ಓದಿದರೆ ಯಾವ ಸಂಖ್ಯೆ ಬರುತ್ತೆ.

ಆವೃತ್ತಿ ಯಾಕೆ ಕೇಳಿದೆ ಅಂದರೆ, ಹಳೇಹುಲಿ ಸರ್ ಹೇಳಿದ ಹಾಗೆ ಸಿಸ್ಟಂ ಕಾಲ್ ನಡುವೆ ತಮ್ಮ ಕೋಡ್ ತೂರಿಸೋ, ಅಂದರೆ ಹುಕ್ ಹಾಕೋ ದಾರಿ ವರ್ಷ ವರ್ಷಕ್ಕೂ ಬದಲಾಗಿದೆ. ಸಿಸ್ಟಂ ಕಾಲ್ ಟೇಬಲ್ ಅಂದರೆ ಫಂಕ್ಷನ್ ವಿಳಾಸಗಳ ಒಂದು ಉದ್ದ ಪಟ್ಟಿ. ಅದರಲ್ಲಿ ಒಂದು ವಿಳಾಸ ಬದಲಿಸಿದರೆ ಆ ಕಾಲ್ ನಿಮ್ಮದು. 2.4ರ ಕಾಲದಲ್ಲಿ ಮಾಡ್ಯೂಲ್‌ಗಳಿಗೆ ಆ ಟೇಬಲ್ ಕೈಗೆಟಕುವ ಹಾಗೇ ಇತ್ತು. 2.6ರ ಹೊತ್ತಿಗೆ ಅದನ್ನ ಮುಚ್ಚಿದರು. ಆಮೇಲೆ ಕಾಲ್‌ಸಿಮ್ಸ್ (ಕರ್ನಲ್ ಒಳಗಿನ ಹೆಸರು, ವಿಳಾಸಗಳ ಪಟ್ಟಿ) ಮೂಲಕ ಹೆಸರು ಕೊಟ್ಟು ವಿಳಾಸ ಹುಡುಕೋದು ಶುರುವಾಯ್ತು, 2020ರಲ್ಲಿ 5.7 ಬಂದಾಗ ಆ ಫಂಕ್ಷನ್ನನ್ನೂ ಮಾಡ್ಯೂಲ್‌ಗಳಿಂದ ಕಿತ್ತುಕೊಂಡರು. ಆಗ ಕೆಪ್ರೋಬ್ ಅನ್ನೋ ಕರ್ನಲ್‌ನದ್ದೇ ತಪಾಸಣೆ ಸೌಲಭ್ಯ ಹಾಕಿ ಆ ಫಂಕ್ಷನ್ನಿನ ವಿಳಾಸವನ್ನೇ ಕಂಡುಹಿಡಿಯೋ ಉಪಾಯ ಬಂತು. ಟೇಬಲ್ ಇರೋ ಪುಟಕ್ಕೆ ಬರೆಯೋ ಅನುಮತಿ ಇಲ್ಲ, ಆದರೆ ಸಿಆರ್0 ರಿಜಿಸ್ಟರ್‌ನ 16ನೇ ಬಿಟ್ ಆರಿಸಿದರೆ ಪ್ರೊಸೆಸರ್ ಆ ಕಾವಲನ್ನೇ ಮರೆಯುತ್ತೆ. ಕರ್ನಲ್‌ನವರು ಆ ಬಿಟ್ ಆರಿಸೋಕೆ ಬಿಡದ ಹಾಗೆ ತಮ್ಮ ಫಂಕ್ಷನ್ ಬದಲಿಸಿದರು, ಇವರು ಆ ಫಂಕ್ಷನ್ ಬಿಟ್ಟು ನೇರ ಅಸೆಂಬ್ಲಿಯಲ್ಲಿ ಬರೆದರು.

2024ರಲ್ಲಿ ಒಂದು ಮಜಾ ಆಯ್ತು. ಪ್ರೊಸೆಸರ್‌ಗಳ ಊಹಾತ್ಮಕ ಓಟದ ದೋಷಕ್ಕೆ ಮದ್ದಾಗಿ 6.9ರಲ್ಲಿ 64 ಬಿಟ್ ಇಂಟೆಲ್-ಎಎಂಡಿ ಚಿಪ್‌ಗಳ ಸಿಸ್ಟಂ ಕಾಲ್‌ಗಳನ್ನ ಟೇಬಲ್ ಮೂಲಕ ಕರೆಯೋದನ್ನೇ ನಿಲ್ಲಿಸಿ, ದೊಡ್ಡದೊಂದು ಸ್ವಿಚ್ ಮೂಲಕ ಕರೆಯೋಕೆ ಶುರು ಮಾಡಿದರು. ಟೇಬಲ್ ಇನ್ನೂ ಇದೆ, ಆದರೆ ಈ ಕೆಲಸಕ್ಕೆ ಅದನ್ನ ಯಾರೂ ನೋಡಲ್ಲ. ಟೇಬಲ್ ತಿದ್ದಿ ನೆಮ್ಮದಿಯಾಗಿದ್ದ ಹಳೇ ರೂಟ್‌ಕಿಟ್‌ಗಳು ಹೊಸ ಕರ್ನಲ್‌ನಲ್ಲಿ ಯಾವ ತಕರಾರೂ ಇಲ್ಲದೆ ಲೋಡ್ ಆಗ್ತವೆ, ಏನನ್ನೂ ಅಡಗಿಸಲ್ಲ. ರೂಟ್‌ಕಿಟ್ ತಡೆಯೋ ಉದ್ದೇಶವೇ ಆ ಬದಲಾವಣೆಗೆ ಇರಲಿಲ್ಲ. ಈಗಿನವು ಬಹುಪಾಲು ಎಫ್‌ಟ್ರೇಸ್ ಕಡೆ ಹೊರಳಿವೆ. ಕರ್ನಲ್ ಫಂಕ್ಷನ್‌ಗಳ ಓಟ ಅಳೆಯೋಕೆ ಅಂತ ಕರ್ನಲ್‌ನವರೇ ಕೊಟ್ಟಿರೋ ಸೌಲಭ್ಯ ಅದು, ಪ್ರತಿ ಫಂಕ್ಷನ್ನಿನ ಬಾಗಿಲಲ್ಲೇ ನಿಲ್ಲೋಕೆ ಜಾಗ ಕೊಡುತ್ತೆ.

#6 ಕಿಟಕಿವಾಸಿ

ನಮ್ಮ ವಿಂಡೋಸ್ ಕಡೆ ಕಥೆ ಬೇರೆ, ಹೇಳದೆ ಇರೋಕೆ ಆಗ್ತಿಲ್ಲ. ಅಲ್ಲಿ ಯಾವ ಫಂಕ್ಷನ್ನಿಗೂ ಹುಕ್ ಹಾಕದೇ ಪ್ರೊಸೆಸ್ ಮಾಯ ಮಾಡ್ತಿದ್ದರು. ಕರ್ನಲ್ ಪ್ರತಿ ಪ್ರೊಸೆಸ್‌ಗೂ ಈಪ್ರೊಸೆಸ್ ಅನ್ನೋ ಒಂದು ಕಡತ ಇಡುತ್ತೆ. ಅವೆಲ್ಲ ಕೈ ಕೈ ಹಿಡಿದ ಸರಪಳಿ, ಹಿಂದಿನವನಿಗೆ ಒಂದು ಕೊಂಡಿ, ಮುಂದಿನವನಿಗೆ ಒಂದು. ಟಾಸ್ಕ್ ಮ್ಯಾನೇಜರ್‌ಗೆ ಸಿಗೋ ಪಟ್ಟಿ ಈ ಸರಪಳಿ ಹಿಡಿದು ನಡೆದು ತಂದದ್ದು. ಎಫ್‌ಯು ಅನ್ನೋ ರೂಟ್‌ಕಿಟ್ ನಡುವಿನವನ ಎರಡೂ ಕೈ ಬಿಡಿಸಿ ಅಕ್ಕಪಕ್ಕದವರ ಕೈ ಜೋಡಿಸಿಬಿಡ್ತಿತ್ತು. ಸರಪಳಿ ಸರಿಯಾಗೇ ಇದೆ, ನಡುವಿನವ ಮಾತ್ರ ಇಲ್ಲ.

"ಹಾಗಾದರೆ ಆ ಪ್ರೊಸೆಸ್ ಓಡೋದು ಹೇಗೆ" ಅಂತ ನಾನೂ ಮೊದಲು ತಲೆ ಕೆರೆದುಕೊಂಡಿದ್ದೆ. ಸಿಪಿಯು ಸಮಯ ಹಂಚೋ ಷೆಡ್ಯೂಲರ್ ಈ ಸರಪಳಿ ನೋಡೋದೇ ಇಲ್ಲ, ಅದಕ್ಕೆ ಲೆಕ್ಕ ಥ್ರೆಡ್‌ಗಳದ್ದು, ಅಂದರೆ ಪ್ರೊಸೆಸ್ ಒಳಗೆ ಓಡೋ ಎಳೆಗಳದ್ದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೂ ಸಂಬಳ ಸಿಗ್ತಿದೆ ಅಂದುಕೊಳ್ಳಿ.

ಮೈಕ್ರೋಸಾಫ್ಟ್ 2005ರಲ್ಲಿ 64 ಬಿಟ್ ವಿಂಡೋಸ್‌ಗೆ ಪ್ಯಾಚ್‌ಗಾರ್ಡ್ ತಂದಿತು. ಅದು ಕರ್ನಲ್‌ನ ಮುಖ್ಯ ಭಾಗಗಳನ್ನ ಆಗಾಗ, ಹೇಳದೆ ಕೇಳದೆ ತಪಾಸಣೆ ಮಾಡುತ್ತೆ, ತಿದ್ದಿದ್ದು ಕಂಡರೆ ನೀಲಿ ಪರದೆ ತೋರಿಸಿ ಮಷೀನನ್ನೇ ನಿಲ್ಲಿಸುತ್ತೆ. ಕಳ್ಳನನ್ನ ಹಿಡಿಯೋ ಗೋಜಿಗೇ ಹೋಗಲ್ಲ.

ನೀಲಿ ಪರದೆ ಅಂದಾಗ ನೆನಪಾಯ್ತು. 2010ರ ಫೆಬ್ರವರಿಯಲ್ಲಿ ಒಂದು ಸೆಕ್ಯುರಿಟಿ ಅಪ್‌ಡೇಟ್ ಹಾಕಿದ ಎಷ್ಟೋ ಮಷೀನುಗಳು ಮೇಲೇಳಲೇ ಇಲ್ಲ. ಜನ ಮೈಕ್ರೋಸಾಫ್ಟ್‌ಗೆ ಬೈದದ್ದೇ ಬೈದದ್ದು. ಆಮೇಲೆ ತಿಳಿದದ್ದು ಏನಂದರೆ ಆ ಮಷೀನುಗಳಲ್ಲಿ ಮೊದಲೇ ಅಲ್ಯೂರಿಯಾನ್ ಅನ್ನೋ ರೂಟ್‌ಕಿಟ್ ಸೇರಿಕೊಂಡಿತ್ತು. ಅದು ಕರ್ನಲ್ ಒಳಗಿನ ವಿಳಾಸಗಳನ್ನ ಗಟ್ಟಿಯಾಗಿ ಬರೆದಿಟ್ಟುಕೊಂಡಿತ್ತು. ಅಪ್‌ಡೇಟ್ ಬಂದು ವಿಳಾಸ ಸರಿದಾಡಿದಾಗ ಖಾಲಿ ಜಾಗಕ್ಕೆ ಕಾಲಿಟ್ಟು ಬಿತ್ತು, ಬೀಳುವಾಗ ವಿಂಡೋಸ್ಸನ್ನೂ ಎಳೆದುಕೊಂಡೇ ಬಿತ್ತು. ಕೆಲವೇ ದಿನದಲ್ಲಿ ರೂಟ್‌ಕಿಟ್ ಬರೆದವರೇ ತಮ್ಮದನ್ನ ಸರಿಪಡಿಸಿದ ಹೊಸ ಆವೃತ್ತಿ ಬಿಟ್ಟರು. ಗಿರಾಕಿ ಸೇವೆ ಅಂದರೆ ಅದು!

#7 ನಿದ್ದೆಗೆಟ್ಟ ಅಡ್ಮಿನ್

ಪುಟ್ಟಿ ಮೇಡಂ, ಕರ್ನಲ್ 5.15. ಟೇಂಟೆಡ್ ಸಂಖ್ಯೆ 12288.

ಇನ್ನೊಂದು ವಿಚಿತ್ರ. ಡಿಮೆಸೇಜ್, ಅಂದರೆ ಕರ್ನಲ್‌ನ ಲಾಗ್ ನೋಡಿದೆ. ಸಾಮಾನ್ಯವಾಗಿ ಬೂಟ್ ಆದ ಸೊನ್ನೆ ಸೆಕೆಂಡಿನಿಂದ ಸಾಲುಗಳು ಶುರುವಾಗಬೇಕಲ್ಲ, ಇಲ್ಲಿ ಮೊದಲ ಸಾಲೇ 131ನೇ ಸೆಕೆಂಡಿನದ್ದು. ಅದಕ್ಕೂ ಹಿಂದಿನದ್ದು ಏನೂ ಇಲ್ಲ.

#8 ಪಾಯಿಂಟರ್ ಪುಟ್ಟಿ

ಯಾರೋ ಗುಡಿಸಿದ್ದಾರೆ. ಗುಡಿಸಿದ ಜಾಗದಲ್ಲೇ ಹೆಜ್ಜೆ ಬಿಟ್ಟಿದ್ದಾರೆ.

12288 ಅಂದರೆ 4096 ಕೂಡಿಸು 8192. ಮೊದಲನೆಯದ್ದು "ಕರ್ನಲ್ ಮೂಲದಲ್ಲಿ ಇಲ್ಲದ, ಹೊರಗಿನ ಮಾಡ್ಯೂಲ್ ಲೋಡ್ ಆಗಿದೆ" ಅನ್ನೋ ಗುರುತು. ಎರಡನೆಯದ್ದು "ಅದಕ್ಕೆ ಸಹಿ ಇಲ್ಲ". ಎನ್‌ವಿಡಿಯಾದ ಮುಚ್ಚಿದ ಮೂಲದ ಡ್ರೈವರ್ ಇದ್ದರೆ 12289 ಬರೋದು ಮಾಮೂಲು, ಆ ಕೊನೆಯ 1 ಮುಕ್ತವಲ್ಲದ ಪರವಾನಗಿಯ ಗುರುತು. ನಿಮ್ಮ ಮಾಡ್ಯೂಲ್ ಪಾಪ, ತಾನು ಜಿಪಿಎಲ್ (ಮುಕ್ತ ಪರವಾನಗಿ) ಅಂತ ಹೇಳಿಕೊಂಡಿದೆ.

ರೂಟ್‌ಕಿಟ್ ಲೋಡ್ ಆದ ತಕ್ಷಣ ಮಾಡೋ ಮೊದಲ ಕೆಲಸ ಮಾಡ್ಯೂಲ್‌ಗಳ ಪಟ್ಟಿಯಿಂದ ತನ್ನನ್ನ ಕಳಚಿಕೊಳ್ಳೋದು. ಕಿಟಕಿವಾಸಿ ಹೇಳಿದ ಕೈ ಬಿಡಿಸೋ ಆಟವೇ. ಮಾಡ್ಯೂಲ್ ಪಟ್ಟಿ ತೋರಿಸೋ ಎಲ್‌ಎಸ್‌ಮಾಡ್‌ನಲ್ಲಿ ಕಾಣಲ್ಲ, ತೆಗೆಯೋಕೂ ಬರಲ್ಲ. ಆದರೆ ಈ ಟೇಂಟೆಡ್, ಅಂದರೆ ಕಳಂಕದ ಬಿಟ್ ಒಮ್ಮೆ ಹತ್ತಿದರೆ ರೀಬೂಟ್ ಆಗೋವರೆಗೂ ಇಳಿಯಲ್ಲ. ಆ ಫೈಲಿಗೆ ಬರೆದು ಬಿಟ್ ಏರಿಸಬಹುದೇ ಹೊರತು ಇಳಿಸೋಕೆ ಬರಲ್ಲ. ಒಳಗೆ ಕೂತವನು ಮೆಮೊರಿಯಲ್ಲೇ ನೇರ ಸೊನ್ನೆ ಮಾಡಬಹುದಿತ್ತು, ಇವನಿಗೆ ಹೊಳೆದಿಲ್ಲ.

ಆತುರ ಬೇಡ, ಒಂದು ಪ್ರಶ್ನೆ: ನೀವೇ ಯಾವುದಾದರೂ ಹೊರಗಿನ ಡ್ರೈವರ್ ಹಾಕಿ ತೆಗೆದಿದ್ದೀರಾ? ತೆಗೆದ ಮೇಲೂ ಕಳಂಕ ಉಳಿಯುತ್ತೆ.

#9 ನಿದ್ದೆಗೆಟ್ಟ ಅಡ್ಮಿನ್

ಇಲ್ಲ ಮೇಡಂ. ವೆಬ್ ಸರ್ವರ್, ಡೇಟಾಬೇಸ್ ಬಿಟ್ಟರೆ ಅದರಲ್ಲಿ ಬೇರೇನೂ ಹಾಕಿಲ್ಲ.

#10 ಸುಮ್ನೆ ಓದೋನು

ಗುರುಗಳೇ, ಕಾಪಾಡಿ. ಹಳೇಹುಲಿ ಸರ್ ಹೇಳಿದ್ದು ಓದಿ ನನ್ನದೇ ಲ್ಯಾಪ್‌ಟಾಪ್‌ನಲ್ಲಿ ಒಂದು ಲೂಪ್ ಬರೆದೆ. ಪಟ್ಟಿ ಕೇಳೋ ಬದಲು 1ರಿಂದ ಹಿಡಿದು ಪ್ರತಿ ನಂಬರಿನ ಫೋಲ್ಡರ್ ಒಳಗೂ ನೇರ ಹೋಗಿ ನೋಡೋದು, ಪಟ್ಟಿಯಲ್ಲಿ ಇಲ್ಲದೇ ಬಾಗಿಲು ತೆರೆದದ್ದನ್ನ ಎಣಿಸೋದು. 214 ಬಂತು. ನನ್ನ ಮಷೀನಿನಲ್ಲಿ 214 ಅಡಗಿದ ಪ್ರೊಸೆಸ್ಸಾ?! ವೈಫೈ ಆರಿಸಿ ಫೋನಿಂದ ಬರೀತಿದ್ದೀನಿ.

#11 ಹಳೇಹುಲಿ

ವೈಫೈ ಹಾಕ್ಕೊಳ್ಳಿ ತಮ್ಮಾ. ಅವು ಥ್ರೆಡ್‌ಗಳು.

ಲೂಪ್‌ನ ಯೋಚನೆ ಸರಿಯಾಗೇ ಇದೆ. ಆದರೆ ಲಿನಕ್ಸ್‌ನಲ್ಲಿ ಥ್ರೆಡ್‌ಗೂ ಒಂದು ನಂಬರ್ ಇರುತ್ತೆ. ಆ ನಂಬರಿನ ಫೋಲ್ಡರ್ ಪಟ್ಟಿಯಲ್ಲಿ ಬರಲ್ಲ, ಹೆಸರು ಹಿಡಿದು ಕರೆದರೆ ಮಾತ್ರ ಓಗೊಡುತ್ತೆ. ಕರ್ನಲ್ ಬೇಕಂತಲೇ ಹಾಗೆ ಮಾಡಿದೆ, ಕಳ್ಳತನ ಏನಿಲ್ಲ. ಪ್ರತಿಯೊಂದರ ಸ್ಟೇಟಸ್ ಫೈಲ್ ತೆರೆದು ಟಿಜಿಐಡಿ (ಪ್ರೊಸೆಸ್‌ನ ನಂಬರ್) ಮತ್ತು ಪಿಐಡಿ (ಅದರದ್ದೇ ನಂಬರ್) ಎರಡೂ ಒಂದೇನಾ ನೋಡಿ. ಬೇರೆ ಬೇರೆ ಇದ್ದರೆ ಅದು ಯಾವುದೋ ಪ್ರೊಸೆಸ್‌ನ ಥ್ರೆಡ್, ಬಿಟ್ಟುಬಿಡಿ. ಎರಡೂ ಒಂದೇ ಆಗಿದ್ದು, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಗ ಗಾಬರಿಯಾಗಿ. ನಡುವೆ ಹುಟ್ಟಿ ಸತ್ತ ಪ್ರೊಸೆಸ್‌ಗಳೂ ಕೆಲವೊಮ್ಮೆ ಸಿಗ್ತವೆ, ಅದಕ್ಕೇ ಎರಡು ಸಲ ಓಡಿಸಿ.

ಅಡ್ಮಿನ್ ಅವರೇ, ಇದನ್ನ ನೀವೂ ಓಡಿಸಿ. ಫೋಲ್ಡರ್ ಪಟ್ಟಿ ಕೊಡೋ ದಾರಿಗೆ ಮಾತ್ರ ಹುಕ್ ಹಾಕಿ, ನೇರ ಬಾಗಿಲು ತಟ್ಟೋ ದಾರಿ ಮರೆತವರು ಬಹಳ. ನೆಟ್‌ವರ್ಕ್ ಕಡೆಯೂ ಇದೇ ಸೋಮಾರಿತನ ಇದೆ. ನೆಟ್‌ಸ್ಟ್ಯಾಟ್ ಪ್ರಾಕ್‌ನ ಟಿಸಿಪಿ ಫೈಲ್ ಓದುತ್ತೆ, ಎಸ್‌ಎಸ್ ಕಮಾಂಡ್ ನೆಟ್‌ಲಿಂಕ್ ಮೂಲಕ ಕೇಳುತ್ತೆ. ಹಳೇ ರೂಟ್‌ಕಿಟ್‌ಗಳು ಮೊದಲನೆಯದ್ದನ್ನ ಮಾತ್ರ ಮುಚ್ಚಿರ್ತವೆ. ಒಂದೇ ಪ್ರಶ್ನೆಯನ್ನ ಎರಡು ಬಾಗಿಲಲ್ಲಿ ಕೇಳಿ, ಉತ್ತರ ಹೊಂದುತ್ತಾ ನೋಡಿ.

#12 ನಿದ್ದೆಗೆಟ್ಟ ಅಡ್ಮಿನ್

ಸಿಕ್ಕಿತು! ಥ್ರೆಡ್‌ಗಳನ್ನೆಲ್ಲ ಬಿಟ್ಟ ಮೇಲೆ ಒಂದೇ ಒಂದು ಉಳಿತು. ನಂಬರ್ 1187. ಮೂರು ಸಲ ಓಡಿಸಿದೆ, ಮೂರು ಸಲವೂ ಅಲ್ಲೇ ಇದೆ. ಆದರೆ ಹೆಸರು "ಕೆವರ್ಕರ್" ಅಂತಿದೆ. ಅದು ಕರ್ನಲ್‌ನದ್ದೇ ಥ್ರೆಡ್ ಅಲ್ವಾ?

ಸ್ಟೇಟಸ್‌ನಲ್ಲಿ ಇರೋದು: ಪಿಪಿಐಡಿ (ತಂದೆ ಪ್ರೊಸೆಸ್‌ನ ನಂಬರ್) 1, ಥ್ರೆಡ್ಸ್ 9, ವಿಎಂಆರ್‌ಎಸ್‌ಎಸ್ (ಬಳಸ್ತಿರೋ ಮೆಮೊರಿ) ಸುಮಾರು 2.3 ಜಿಬಿ.

#13 ಪಾಯಿಂಟರ್ ಪುಟ್ಟಿ

ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅಸಲಿ ಕರ್ನಲ್ ಥ್ರೆಡ್‌ಗೆ ತಂದೆ ಯಾವಾಗಲೂ 2ನೇ ನಂಬರಿನ ಕೆಥ್ರೆಡ್‌ಡಿ, 1 ಅಲ್ಲ. ಅದಕ್ಕೆ ಸ್ವಂತ ಮೆಮೊರಿ ನಕ್ಷೆ ಇರಲ್ಲ, ಹಾಗಾಗಿ ವಿಎಂಆರ್‌ಎಸ್‌ಎಸ್ ಅನ್ನೋ ಸಾಲೇ ಸ್ಟೇಟಸ್‌ನಲ್ಲಿ ಬರಬಾರದು. ಇದು ವೇಷ ಹಾಕಿದ ಮಾಮೂಲಿ ಪ್ರೋಗ್ರಾಂ.

ಆ 2.3 ಜಿಬಿ ನೋಡಿ ನಗು ಬಂತು. ಮೊನೆರೋ ಅನ್ನೋ ಕ್ರಿಪ್ಟೋ ನಾಣ್ಯದ ಗಣಿಗಾರಿಕೆಯ ರ‍್ಯಾಂಡಮ್‌ಎಕ್ಸ್ ಲೆಕ್ಕಕ್ಕೆ ವೇಗದ ಕ್ರಮದಲ್ಲಿ 2080 ಎಂಬಿ ಡೇಟಾಸೆಟ್ ಬೇಕು, ಜೊತೆಗೆ 256 ಎಂಬಿ ಕ್ಯಾಶ್. ಕೂಡಿಸಿ ನೋಡಿ.

ನಿಮ್ಮ ಅದೃಷ್ಟ, ಟಾಪ್‌ನ ಮೇಲಿನ ಸಾಲನ್ನ ಇವನು ತಿದ್ದಿಲ್ಲ. ಒಟ್ಟು ಸಿಪಿಯು ಲೆಕ್ಕ ಬೇರೆ ಫೈಲಿನಿಂದ ಬರುತ್ತೆ. 2019ರಲ್ಲಿ ಪತ್ತೆಯಾದ ಸ್ಕಿಡ್‌ಮ್ಯಾಪ್ ಅದನ್ನೂ, ನೆಟ್‌ವರ್ಕ್ ಅಂಕಿಗಳನ್ನೂ ಸುಳ್ಳು ಮಾಡ್ತಿತ್ತು. ಮಷೀನ್ ಬೆವರು ಸುರಿಸ್ತಿದ್ದರೂ ಅಂಕಿ ತಣ್ಣಗಿರ್ತಿತ್ತು.

#14 ಗುದ್ದಲಿ

ಎಲ್ಲಾರೂ ಒಂದೀಟು ನಿಲ್ರಿ. ಅಡ್ಮಿನ್ನರ, ಆ 1187ನ್ನ ಕೊಲ್ಲಾಕ ಹೋಗಬ್ಯಾಡ್ರಿ. ನೀವು ಹೊಡೆಯೋ ಪ್ರತಿ ಕಮಾಂಡೂ ಆ ಕರ್ನಲ್ ಕೈಯಾಗಿಂದನ ಹಾದು ಹೋಗತೈತಿ. ಕಳ್ಳನ್ನ ಮಗ್ಗಲಕ್ಕ ಕೂಡಿಸಿಕೊಂಡು ಪಂಚನಾಮೆ ಬರದಂಗ ಆಗತೈತಿ.

ವರ್ಚುವಲ್ ಮಷೀನ್ ಅಂದ್ರಿ, ಇದಕ್ಕಿಂತ ಛಲೋ ಸುದ್ದಿ ಇಲ್ಲ. ಹೋಸ್ಟ್ ನೋಡೋರಿಗೆ ಹೇಳಿ ಮೆಮೊರಿ ಸಮೇತ ಸ್ನ್ಯಾಪ್‌ಶಾಟ್ ತಗೋರಿ. ಒಳಗಿನ ಕರ್ನಲ್‌ಗೆ ಗೊತ್ತ ಆಗಂಗಿಲ್ಲ. ಮೆಮೊರಿಯೊಳಗ ಪಟ್ಟಿಯಿಂದ ಕಳಚಿಕೊಂಡ ಮಾಡ್ಯೂಲ್ ಹಂಗ ಬಿದ್ದಿರತೈತಿ, ವೊಲಟಿಲಿಟಿ ಅನ್ನೋ ಮೆಮೊರಿ ತಪಾಸಣೆ ಪ್ರೋಗ್ರಾಂ ಅದನ್ನ ಪಟ್ಟಿ ಹಿಡಿದು ಹುಡುಕಂಗಿಲ್ಲ, ಮಾಡ್ಯೂಲ್ ಆಕಾರದ್ದು ಎಲ್ಲಿ ಐತಿ ಅಂತ ಮೆಮೊರಿ ಪೂರಾ ಜಾಲಾಡತೈತಿ. ಆಮ್ಯಾಲ ಒಳಗಿಂದ ಶಟ್‌ಡೌನ್ ಕೊಡಬ್ಯಾಡ್ರಿ, ಹೊರಗಿಂದನ ಕರೆಂಟ್ ಕಿತ್ತಂಗ ನಿಲ್ಲಿಸ್ರಿ. ಶಟ್‌ಡೌನ್ ಹೊತ್ತಿನ್ಯಾಗ ಸಾಕ್ಷಿ ಅಳಿಸೋ ಸ್ಕ್ರಿಪ್ಟ್ ಇಟ್ಟಿರತಾರ. ಡಿಸ್ಕನ್ನ ಬ್ಯಾರೆ ಮಷೀನಿಗೆ ಓದೋಕ ಮಾತ್ರ ಅಂತ ಜೋಡಿಸ್ರಿ.

ನಿಲ್ಲಿಸೋಕ ಮೊದಲ ಒಂದ ಕೆಲಸ. ವಾರ್ ಲಿಬ್, ಯುಎಸ್‌ಆರ್ ಲಿಬ್ ಇಂಥಾ ದೊಡ್ಡ ಫೋಲ್ಡರುಗಳ ಲಿಂಕ್ ಎಣಿಕೆ ಬರ್ಕೋರಿ. ಇಎಕ್ಸ್‌ಟಿ4ದಾಗ ಒಂದು ಫೋಲ್ಡರಿನ ಲಿಂಕ್ ಎಣಿಕೆ ಅಂದ್ರ ಒಳಗಿನ ಉಪಫೋಲ್ಡರುಗಳ ಸಂಖ್ಯೆಗೆ 2 ಕೂಡಿಸಿದ್ದು. ಎಲ್‌ಎಸ್ ತೋರಿಸೋ ಉಪಫೋಲ್ಡರ್ ಎಣಿಸಿ ತಾಳೆ ಹಾಕ್ರಿ.

#15 ಸುಮ್ನೆ ಓದೋನು

ನನ್ನದು ಸೊನ್ನೆ ಬಂತು, ವೈಫೈ ಹಾಕ್ಕೊಂಡೆ. ಆದರೆ ಒಂದು ಅನುಮಾನ. ಸಹಿ ಇಲ್ಲದ ಮಾಡ್ಯೂಲ್ ಲೋಡೇ ಆಗದ ಹಾಗೆ ಮಾಡಿಬಿಟ್ಟರೆ ಈ ಕಾಟವೇ ಇರಲ್ವಲ್ಲ?

#16 ಪಾಯಿಂಟರ್ ಪುಟ್ಟಿ

ಬಹುಪಾಲು ಇರಲ್ಲ. 2020ರಲ್ಲಿ ಅಮೆರಿಕದ ಎನ್‌ಎಸ್‌ಎ, ಎಫ್‌ಬಿಐ ಒಟ್ಟಿಗೆ ಡ್ರೊವೊರಬ್ ಅನ್ನೋ ಲಿನಕ್ಸ್ ರೂಟ್‌ಕಿಟ್ ಬಗ್ಗೆ ವರದಿ ಬಿಟ್ಟಾಗ ಹೇಳಿದ ಮುಖ್ಯ ಸಲಹೆಯೇ ಇದು: 3.7 ಅಥವಾ ಅದಕ್ಕಿಂತ ಹೊಸ ಕರ್ನಲ್, ಸಹಿ ಕಡ್ಡಾಯ. ಸೆಕ್ಯೂರ್ ಬೂಟ್ (ಬೂಟ್ ಆಗುವಾಗಲೇ ಸಹಿ ನೋಡೋದು) ಹಾಕಿ, 5.4ರಿಂದ ಬಂದ ಲಾಕ್‌ಡೌನ್ (ರೂಟ್‌ಗೂ ಕರ್ನಲ್ ತಿದ್ದೋಕೆ ಬಿಡದ ಸೆಟ್ಟಿಂಗ್) ಹಾಕಿ. ಬೇಕಾದ ಮಾಡ್ಯೂಲ್‌ಗಳೆಲ್ಲ ಎದ್ದ ಮೇಲೆ ಮಾಡ್ಯೂಲ್ಸ್ ಡಿಸೇಬಲ್ಡ್ ಅನ್ನೋ ಸೆಟ್ಟಿಂಗ್ 1 ಮಾಡಿದರೆ ರೀಬೂಟ್‌ವರೆಗೂ ಇನ್ನೊಂದು ಮಾಡ್ಯೂಲ್ ಒಳಗೆ ಬರಲ್ಲ, ರೂಟ್‌ಗೂ ಅದನ್ನ ವಾಪಸ್ ತಿರುಗಿಸೋಕೆ ಆಗಲ್ಲ.

"ಬಹುಪಾಲು" ಅಂದದ್ದು ಇಬಿಪಿಎಫ್ ಇರೋದಕ್ಕೆ. ಅಲ್ಲಿ ಮಾಡ್ಯೂಲೇ ಬೇಡ. ಕರ್ನಲ್ ತಾನೇ ಪರೀಕ್ಷೆ ಮಾಡಿ ಓಡಿಸೋ ಪುಟ್ಟ ಪ್ರೋಗ್ರಾಂ ಸಾಕು, ಗೆಟ್‌ಡೆಂಟ್ಸ್64 ಮುಗಿದ ಮೇಲೆ ಪಿಎಸ್‌ನ ಬಫರ್‌ಗೇ ಕೈ ಹಾಕಿ ಆ ಉದ್ದದ ಸಂಖ್ಯೆ ತಿದ್ದಬಹುದು. ಕಳಂಕದ ಬಿಟ್ಟೂ ಹತ್ತಲ್ಲ.

#17 ಹಳೇಹುಲಿ

> ಕಳಂಕದ ಬಿಟ್ಟೂ ಹತ್ತಲ್ಲ

ಇದರಲ್ಲಿ ನನ್ನ ತಕರಾರಿದೆ ಪುಟ್ಟಿ. ಇಬಿಪಿಎಫ್ ರೂಟ್‌ಕಿಟ್ ಸಮ್ಮೇಳನಗಳ ವೇದಿಕೆ ಮೇಲೆ ಕುಣಿದಷ್ಟು ಬೀದಿಯಲ್ಲಿ ಕುಣಿದಿಲ್ಲ. ಬಳಕೆದಾರನ ಮೆಮೊರಿಗೆ ಬರೆಯೋ ಸಹಾಯಕ ಫಂಕ್ಷನ್ ಇರೋ ಪ್ರೋಗ್ರಾಂ ಲೋಡ್ ಆದಾಗ ಕರ್ನಲ್ ಲಾಗ್‌ನಲ್ಲಿ ಕೂಗಿ ಹೇಳುತ್ತೆ, ಹೊಸ ಕರ್ನಲ್‌ಗಳಲ್ಲಿ ಲಾಕ್‌ಡೌನ್ ಇದ್ದರೆ ಬಿಡೋದೇ ಇಲ್ಲ. ಕಳ್ಳನಿಗೆ ಹಳೇ ಮಾಡ್ಯೂಲ್ ದಾರಿ ತೆರೆದೇ ಇರುವಾಗ ಈ ಕಷ್ಟ ಯಾಕೆ ಬೇಕು?

#18 ಪಾಯಿಂಟರ್ ಪುಟ್ಟಿ

ಲಾಗ್‌ನಲ್ಲಿ ಕೂಗಿದ್ದನ್ನ ಕೇಳೋರು ಯಾರು ಸರ್? ಈ ಕೇಸಲ್ಲೇ ಲಾಗ್ 131ನೇ ಸೆಕೆಂಡಿಂದ ಶುರು. ನನ್ನ ಚಿಂತೆ ಬೇರೆ. ಈಗಿನ ಕಾವಲು ತಂತ್ರಾಂಶಗಳು ಎಷ್ಟೋ ಇಬಿಪಿಎಫ್ ಮೇಲೇ ನಿಂತಿವೆ. ಅದೇ ಜಾಗದಲ್ಲಿ ಕಳ್ಳನೂ ನಿಂತರೆ ಕಾವಲಿನವನ ಕಣ್ಣಿಗೆ ಬಟ್ಟೆ ಕಟ್ಟೋದು ಸುಲಭ.

#19 ಕಿಟಕಿವಾಸಿ

ಸಹಿ ಬಗ್ಗೆ ನಮ್ಮ ಕಡೆಯ ಅನುಭವ ಕೇಳಿ. 64 ಬಿಟ್ ವಿಸ್ತಾದಿಂದ ಡ್ರೈವರ್‌ಗೆ ಸಹಿ ಕಡ್ಡಾಯ. 2010ರಲ್ಲಿ ಸಿಕ್ಕ ಸ್ಟಕ್ಸ್‌ನೆಟ್‌ನ ಡ್ರೈವರ್‌ಗಳಿಗೆ ಸಹಿ ಇತ್ತು, ರಿಯಲ್‌ಟೆಕ್ ಮತ್ತು ಜೆಮೈಕ್ರಾನ್‌ನಿಂದ ಕದ್ದ ಕೀಲಿಯದ್ದು. ಈಗ ಕದಿಯೋ ಕಷ್ಟವೂ ಬೇಡ. ಅಸಲಿ ಕಂಪನಿಯ, ಅಸಲಿ ಸಹಿಯ, ಆದರೆ ದೋಷ ಇರೋ ಹಳೇ ಡ್ರೈವರ್ ಒಂದನ್ನ ಜೊತೆಯಲ್ಲೇ ತರ್ತಾರೆ. ವಿಂಡೋಸ್ ಅದನ್ನ ಮರ್ಯಾದೆಯಿಂದ ಒಳಗೆ ಬಿಟ್ಟುಕೊಳ್ಳುತ್ತೆ, ಆ ದೋಷದ ಮೂಲಕ ಇವರು ಕರ್ನಲ್ ಮೆಮೊರಿಗೆ ಬರೀತಾರೆ. 2022ರಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಮೋಸ ತಡೆಯೋ ಡ್ರೈವರ್ ಬಳಸಿ ರ‍್ಯಾನ್ಸಮ್‌ವೇರ್‌ನವರು ಆಂಟಿವೈರಸ್ಸನ್ನ ಕೊಂದರು. ಆ ಆಟ ಮಷೀನಿನಲ್ಲಿ ಇರಲೇಬೇಕು ಅಂತಿಲ್ಲ, ಡ್ರೈವರ್ ಫೈಲ್ ಒಂದಿದ್ದರೆ ಸಾಕು.

#20 ಹಳೇಹುಲಿ

ಹಳೇ ಕಥೆ ಒಂದು ಹೇಳದೆ ಹೋದರೆ ನಿದ್ದೆ ಬರಲ್ಲ. ನಾನು ಕಂಡದ್ದರಲ್ಲಿ ಅತಿ ಚೆಂದದ ಕಳ್ಳತನ 2005ರ ಶ್ಯಾಡೋ ವಾಕರ್. ಶೆರ್ರಿ ಸ್ಪಾರ್ಕ್ಸ್ ಮತ್ತು ಜೇಮಿ ಬಟ್ಲರ್ ಬ್ಲ್ಯಾಕ್ ಹ್ಯಾಟ್‌ನಲ್ಲಿ ತೋರಿಸಿದ್ದು. ಮೆಮೊರಿಯನ್ನ ಸ್ಕ್ಯಾನ್ ಮಾಡಿದರೆ ರೂಟ್‌ಕಿಟ್ ಕೋಡ್ ಸಿಗುತ್ತೆ ತಾನೇ? ಅವರು ಅದಕ್ಕೂ ದಾರಿ ಹುಡುಕಿದರು. ಯಾವ ವಿಳಾಸ ಮೆಮೊರಿಯ ಯಾವ ಪುಟಕ್ಕೆ ಹೋಗುತ್ತೆ ಅನ್ನೋದನ್ನ ಪ್ರೊಸೆಸರ್ ಟಿಎಲ್‌ಬಿ ಅನ್ನೋ ಚಿಕ್ಕ ಪುಸ್ತಕದಲ್ಲಿ ನೆನಪಿಟ್ಟುಕೊಳ್ಳುತ್ತೆ. ಆಗಿನ ಇಂಟೆಲ್ ಚಿಪ್‌ಗಳಲ್ಲಿ ಕೋಡ್ ಓಡಿಸೋಕೆ ಒಂದು ಪುಸ್ತಕ, ಡೇಟಾ ಓದೋಕೆ ಇನ್ನೊಂದು. ಇವರು ಎರಡು ಪುಸ್ತಕದಲ್ಲೂ ಒಂದೇ ವಿಳಾಸಕ್ಕೆ ಬೇರೆ ಬೇರೆ ಪುಟ ಬರೆಸಿದರು. ಸ್ಕ್ಯಾನರ್ ಬಂದು ಓದಿದರೆ ಶುದ್ಧ ಪುಟ. ಪ್ರೊಸೆಸರ್ ಬಂದು ಓಡಿಸಿದರೆ ರೂಟ್‌ಕಿಟ್. ಒಂದೇ ಮನೆ ನಂಬರ್, ತಪಾಸಣೆಗೆ ಬಂದವನಿಗೆ ಒಂದು ಮನೆ, ಯಜಮಾನನಿಗೆ ಇನ್ನೊಂದು.

ಮರುವರ್ಷ ಜೊವಾನಾ ರುಟ್ಕೋವ್ಸ್ಕಾ ಬ್ಲೂ ಪಿಲ್ ತೋರಿಸಿದರು, ಓಡ್ತಿರೋ ವಿಂಡೋಸ್ಸನ್ನೇ ಎತ್ತಿ ಹೈಪರ್‌ವೈಸರ್ (ವರ್ಚುವಲ್ ಮಷೀನ್ ಓಡಿಸೋ ಪದರ) ಒಳಗೆ ಇಡೋದು. ಗದ್ದಲ ಜೋರಾಗಿತ್ತು. ನನಗೇನೋ ಶ್ಯಾಡೋ ವಾಕರ್‌ನ ಕುಸುರಿಯೇ ಮೇಲು.

#21 ನಿದ್ದೆಗೆಟ್ಟ ಅಡ್ಮಿನ್

ಎರಡು ದಿನ ಬರೆಯೋಕೆ ಆಗಲಿಲ್ಲ, ಕ್ಷಮಿಸಿ. ಗುದ್ದಲಿಯವರು ಹೇಳಿದ ಹಾಗೇ ಮಾಡಿದೆ.

ನಿಲ್ಲಿಸೋ ಮೊದಲು ಲಿಂಕ್ ಎಣಿಸಿದೆ. ವಾರ್ ಲಿಬ್ ಫೋಲ್ಡರ್‌ನ ಎಣಿಕೆ 39, ಅಂದರೆ ಒಳಗೆ 37 ಇರಬೇಕು. ಎಲ್‌ಎಸ್ ತೋರಿಸಿದ್ದು 36. ಮೂರು ಸಲ ಬೆರಳು ಮಡಚಿ ಎಣಿಸಿದೆ. ಹೋಸ್ಟ್‌ನವರು ಸ್ನ್ಯಾಪ್‌ಶಾಟ್ ತೆಗೆದು ನಿಲ್ಲಿಸಿದರು. ಡಿಸ್ಕನ್ನ ಬೇರೆ ಮಷೀನಿಗೆ ಜೋಡಿಸಿ ಅದೇ ಎಲ್‌ಎಸ್ ಹೊಡೆದೆ. 37.

ಆ ಒಂದು ಫೋಲ್ಡರ್ ಒಳಗೆ ಗಣಿಗಾರಿಕೆ ಪ್ರೋಗ್ರಾಂ, ಅದರ ಕಾನ್ಫಿಗ್, ಮತ್ತೆ ಒಂದು ಮಾಡ್ಯೂಲ್ ಫೈಲ್. ಮಾಡ್ಯೂಲ್ ನನ್ನ ಕರ್ನಲ್‌ನ ಅದೇ ಆವೃತ್ತಿಗೆ, ಕೊನೆಯ ಅಂಕಿಯವರೆಗೂ ಹೊಂದೋ ಹಾಗೆ ಕಂಪೈಲ್ ಆಗಿತ್ತು. ಅದನ್ನ ನೋಡಿದ ಮೇಲೆ ಇನ್ನೊಂದು ಹೊಳೆದು ಹುಡುಕಿದೆ. ಕರ್ನಲ್ ಪ್ಯಾಕೇಜ್ ಅಪ್‌ಡೇಟ್ ಆಗದ ಹಾಗೆ ಯಾರೋ ಹೋಲ್ಡ್ ಹಾಕಿದ್ದರು. ನಾನು ಹಾಕಿದ್ದಲ್ಲ. ಕಿಟಕಿವಾಸಿಯವರು ಹೇಳಿದ ಅಲ್ಯೂರಿಯಾನ್ ಪಾಠ ಇವರು ಕಲಿತಿದ್ದಾರೆ ಅನಿಸುತ್ತೆ. ಹೋಲ್ಡ್ ಹಾಕಿದ್ದು ಐದು ವಾರದ ಹಿಂದೆ, ಅದೇ ರಾತ್ರಿ ಒಂದು ಟೆಸ್ಟ್ ಅಕೌಂಟಿಗೆ ಹೊರಗಿನಿಂದ ಎಸ್‌ಎಸ್‌ಎಚ್ ಲಾಗಿನ್ ಆಗಿದೆ. ಪಾಸ್‌ವರ್ಡ್ ಏನಿತ್ತು ಅಂತ ಇಲ್ಲಿ ಬರೆಯಲ್ಲ, ಮಾನ ಹೋಗುತ್ತೆ.

ಒಂದು ಮಾತ್ರ ಅರ್ಥ ಆಗಿಲ್ಲ. ಬೂಟ್ ಆದ ಮೇಲೆ ಎರಡು ನಿಮಿಷ ಯಾಕೆ ಸುಮ್ಮನಿತ್ತು? ಬೂಟ್ ಆದಾಗ ಸೇವೆಗಳನ್ನ ಎಬ್ಬಿಸೋ ಸಿಸ್ಟಂಡಿಯ ಫೋಲ್ಡರ್‌ನಲ್ಲಿ ಒಂದು ಟೈಮರ್ ಫೈಲ್ ಸಿಕ್ಕಿತು, ಬೂಟ್ ಆಗಿ 120 ಸೆಕೆಂಡಿಗೆ ಮಾಡ್ಯೂಲ್ ಎಬ್ಬಿಸು ಅಂತ. ಆ ಫೈಲೂ ಒಳಗಿನಿಂದ ನೋಡಿದಾಗ ಕಾಣ್ತಿರಲಿಲ್ಲ. ಕಾಣದ ಫೈಲನ್ನ ಸಿಸ್ಟಂಡಿ ಹೇಗೆ ಓದಿತು?

#22 ಪಾಯಿಂಟರ್ ಪುಟ್ಟಿ

ಬೂಟ್ ಹೊತ್ತಿನಲ್ಲಿ ಅದು ಕಾಣ್ತಿತ್ತು. ಅಡಗಿಸೋ ಮಾಡ್ಯೂಲ್ ಇನ್ನೂ ಎದ್ದೇ ಇರಲಿಲ್ಲವಲ್ಲ. ಸಿಸ್ಟಂಡಿಗೆ ಕಾಣಲೇಬೇಕು, ಇಲ್ಲದಿದ್ದರೆ ಇವನು ಏಳೋದೇ ಇಲ್ಲ. ಎಲ್ಲ ಸೇವೆಗಳೂ ಎದ್ದು ಗದ್ದಲ ಅಡಗಲಿ ಅಂತ ಎರಡು ನಿಮಿಷ ಕಾದಿರಬಹುದು. ಅಷ್ಟು ಹೊತ್ತು ಫೋಲ್ಡರ್, ಟೈಮರ್, ಮಾಡ್ಯೂಲ್ ಎಲ್ಲ ಬಟ್ಟಬಯಲಲ್ಲಿ ಬಿದ್ದಿದ್ದವು. ನೀವು ರೀಬೂಟ್ ಮಾಡಿದ ದಿನ ಆ ಎರಡು ನಿಮಿಷದೊಳಗೆ ಎಲ್‌ಎಸ್ ಹೊಡೆದಿದ್ದರೆ 37 ಕಾಣ್ತಿತ್ತು.

#23 ನಿದ್ದೆಗೆಟ್ಟ ಅಡ್ಮಿನ್

ಆ ಎರಡು ನಿಮಿಷ ನಾನು ಟಾಪ್ ನೋಡ್ತಾ ಖುಷಿಯಾಗಿ ಕೂತಿದ್ದೆ ಮೇಡಂ.

#24 ಗುದ್ದಲಿ

ಡಿಸ್ಕ್ ಒರೆಸಿ ಹೊಸದಾಗಿ ಹಾಕ್ರಿ, ಇದ್ದದ್ದನ್ನ ತಿದ್ದಾಕ ಹೋಗಬ್ಯಾಡ್ರಿ. ನಿಜವಾದ ಮಷೀನ್ ಆಗಿದ್ದಿದ್ರ ಫರ್ಮ್‌ವೇರ್‌ನೂ ನೋಡ್ರಿ ಅಂತಿದ್ದೆ. 2018ರಾಗ ಸಿಕ್ಕ ಲೋಜ್ಯಾಕ್ಸ್ ಅನ್ನೋ ರೂಟ್‌ಕಿಟ್ ಮದರ್‌ಬೋರ್ಡಿನ ಯುಇಎಫ್‌ಐ (ಬೂಟ್ ಮಾಡಿಸೋ ಫರ್ಮ್‌ವೇರ್) ಚಿಪ್ಪಿನ್ಯಾಗ ಕುಂತಿತ್ತು, ಹಾರ್ಡ್‌ಡಿಸ್ಕ್ ಬದಲಿಸಿದ್ರೂ ವಾಪಸ್ ಬರತಿತ್ತು. ಆ ಟೆಸ್ಟ್ ಅಕೌಂಟಿನ ಪಾಸ್‌ವರ್ಡ್ ಬ್ಯಾರೆ ಎಲ್ಲೆಲ್ಲಿ ಐತಿ ಅದನ್ನೂ ನೋಡ್ರಿ.

#25 ಸುಮ್ನೆ ಓದೋನು

ಕೊನೆಯದಾಗಿ ನನ್ನದೊಂದು. ಈಗ ನನ್ನ ಲ್ಯಾಪ್‌ಟಾಪ್‌ನ ಟೇಂಟೆಡ್ ನೋಡಿದೆ, 12289. ಎನ್‌ವಿಡಿಯಾ ಕಾರ್ಡ್ ಇದೆ. ಮಲಗಬಹುದಾ?

#26 ಪಾಯಿಂಟರ್ ಪುಟ್ಟಿ

ಎಲ್‌ಎಸ್‌ಮಾಡ್‌ನಲ್ಲಿ ಎನ್‌ವಿಡಿಯಾ ಕಾಣ್ತಿದೆಯಾ?

#27 ಸುಮ್ನೆ ಓದೋನು

ಕಾಣ್ತಿದೆ.

#28 ಪಾಯಿಂಟರ್ ಪುಟ್ಟಿ

ಹಾಗಾದ್ರೆ ಮಲಗಿ.